ಮೊಣಕಾಲಿನ ಮೃದ್ವಸ್ಥಿಯೂ ಅದನ್ನು ಕತ್ತರಿಸದೆ ಕಾಣುವ ಬಗೆಯೂ

ಹಳೆಯ ವಿದ್ಯಾರ್ಥಿನಿಯರು ಹಲವು ವರ್ಷಗಳ ತರುವಾಯ ಒಂದೆಡೆ ಕೂಡಿದಾಗ ಮೊದಲು ವಿಚಾರಿಸುವುದು ಮಕ್ಕಳ ಕ್ಷೇಮವನ್ನು. ಅದರ ಬೆನ್ನಿಗೇ ಮೊಣಕಾಲಿನ ಕ್ಷೇಮವನ್ನು. ಒಂದು ಕಾಲದಲ್ಲಿ ಶಾಲೆಯ ಮೆಟ್ಟಲುಗಳನ್ನು ಎರಡೆರಡಾಗಿ ಹಾರಿ, ಅದಕ್ಕಾಗಿ ಉಪಾಧ್ಯಾಯಿನಿಯರಿಂದ ಗದರಿಸಿಕೊಂಡ ನಾವೇ ಇಂದು ಗೋಡೆಯನ್ನು ಹಿಡಿದು ಒಂದೊಂದೇ ಮೆಟ್ಟಲನ್ನು ಇಳಿಯುತ್ತೇವೆ. "ವಯಸ್ಸಾಯಿತು, ಕೀಲು ಸವೆಯಿತು" ಎಂದು ಒಬ್ಬರು ಅನ್ನುವರು, ಉಳಿದವರು ತಲೆದೂಗುವರು, ಮಾತು ಅಲ್ಲಿಗೆ ಮುಗಿಯುವುದು. ಆದರೆ ಸವೆದುದು ಏನು? ಎಂದಿನಿಂದ ಸವೆಯತೊಡಗಿತು? ಅದನ್ನು ಕಣ್ಣಾರೆ ಕಾಣುವುದು ಹೇಗೆ?

ಈ ಪ್ರಶ್ನೆಗಳು ನಮ್ಮಲ್ಲಿ ಹುಟ್ಟಿದುದು ನಮ್ಮ ತಾಯಿಯವರ ನಿಮಿತ್ತವಾಗಿ. ಅವರು ಎಂದೂ ನೋವೆಂದು ಬಾಯಿಬಿಟ್ಟವರಲ್ಲ. ಬೇಸಗೆಯಲ್ಲಿ ಹಪ್ಪಳ ಒಣಗಿಸುವುದಕ್ಕೆ ಮಾಳಿಗೆಗೆ ಹೋಗುವುದನ್ನು ಅವರು ಬಿಟ್ಟಾಗಲೇ ನಮಗೆ ಸಂಶಯ ಬಂದಿತು. ವೈದ್ಯರು ಕ್ಷ-ಕಿರಣದ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಎಲುಬುಗಳ ನಡುವೆ ಇರಬೇಕಾದ ಸಂದು ಒಂದು ಪಕ್ಕದಲ್ಲಿ ಮುಚ್ಚಿಹೋಗಿರುವುದನ್ನು ತೋರಿಸಿದರು. ನಮ್ಮ ತಾಯಿಯವರು ಅದನ್ನು ಬಹಳ ಹೊತ್ತು ನೋಡಿ, "ಇದು ಒಂದೇ ದಿನದಲ್ಲಿ ಆದುದಲ್ಲವಷ್ಟೆ, ಮೊದಲೇ ಕಾಣುವುದಕ್ಕೆ ಆಗುತ್ತಿರಲಿಲ್ಲವೇ?" ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ಯಾರೂ ಉತ್ತರ ಹೇಳಲಿಲ್ಲ. ಅನಂತರ ನಾವು ಓದಿ ತಿಳಿದುಕೊಂಡ ಉತ್ತರವನ್ನು ನಮ್ಮ ಸಹೋದರಿಯರಿಗೂ ಅವರ ಮಾತಾಪಿತೃಗಳಿಗೂ ಒಪ್ಪಿಸುವುದೇ ಈ ಲೇಖನದ ಉದ್ದೇಶ.

ಎಲುಬಿನ ಮೇಲೆ ಎಲುಬು ನೇರವಾಗಿ ಉಜ್ಜಿದರೆ ಯಾವ ಕೀಲೂ ಬಹುಕಾಲ ಬಾಳಲಾರದು. ಆದುದರಿಂದ ಕೀಲಿನಲ್ಲಿ ಕೂಡುವ ಪ್ರತಿಯೊಂದು ಎಲುಬಿನ ತುದಿಗೂ ಒಂದು ನುಣುಪಾದ ಹೊದಿಕೆ ಇರುವುದು. ಅಡಿಗೆಮನೆಯಲ್ಲಿ ಕುರಿಯ ತೊಡೆಯೆಲುಬಿನ ತುದಿಯನ್ನು ಕಂಡವರು, ಅಲ್ಲಿ ತಿಳಿನೀಲಿ ಬೆರೆತ ಬಿಳುಪಿನ, ಮುತ್ತಿನಂತೆ ಹೊಳೆಯುವ ಪದರವನ್ನು ಗಮನಿಸಿರಬಹುದು. ಅದೇ ಮೃದ್ವಸ್ಥಿ. ಮೃದುವಾದ ಎಲುಬು ಎಂದು ಶಬ್ದಾರ್ಥವಾದರೂ ಅದು ಎಲುಬಲ್ಲ. ಮನುಷ್ಯನ ಮೊಣಕಾಲಿನಲ್ಲಿ ಅದರ ದಪ್ಪ ಬಹುತೇಕ 2ರಿಂದ 4 ಮಿಲಿಮೀಟರು. ಮಂಡಿಚಿಪ್ಪಿನ ಹಿಂಭಾಗದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಇಷ್ಟು ತೆಳುವಾದ ಹೊದಿಕೆಯು ಇಡೀ ಶರೀರದ ಭಾರವನ್ನು ಹೊತ್ತು, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸುಲಭವಾಗಿ ಜಾರುತ್ತ, ಅರುವತ್ತು ಎಪ್ಪತ್ತು ವರ್ಷ ದುಡಿಯುವುದೆಂದರೆ ಸಾಮಾನ್ಯ ಸಂಗತಿಯಲ್ಲ.

ಇದರ ರಚನೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಮುಂದೆ ಹೇಳಲಿರುವ ಪರೀಕ್ಷೆಗಳೆಲ್ಲವೂ ಈ ರಚನೆಯನ್ನೇ ಆಧಾರವಾಗಿ ಇಟ್ಟುಕೊಂಡಿವೆ. ಮೃದ್ವಸ್ಥಿಯ ತೂಕದಲ್ಲಿ ನೂರಕ್ಕೆ 65ರಿಂದ 80 ಪಾಲು ನೀರು. ಉಳಿದುದರಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಕೊಲ್ಯಾಜೆನ್ ಎಂಬ ನೂಲು. ಈ ನೂಲುಗಳು ಎಲುಬಿನಲ್ಲಿ ಬೇರೂರಿ ನೆಟ್ಟಗೆ ಮೇಲಕ್ಕೆದ್ದು, ಮೇಲ್ಮೈಯ ಹತ್ತಿರ ಕಮಾನಿನಂತೆ ಬಾಗಿ ಅದಕ್ಕೆ ಸಮಾನಾಂತರವಾಗಿ ಹರಡುವುವೆಂದು ಜರ್ಮನಿಯ ಬೆನ್ನಿಂಗ್‌ಹಾಫ್ ಎಂಬ ಪಂಡಿತರು 1925ರಲ್ಲಿ ವರ್ಣಿಸಿದರು. ಎರಡನೆಯದು ಪ್ರೋಟಿಯೋಗ್ಲೈಕನ್ ಎಂಬ ವಸ್ತು. ಇದು ನೂಲುಗಳ ಬಲೆಯ ನಡುವೆ ಸಿಲುಕಿಕೊಂಡಿದೆ. ಇದರಲ್ಲಿ ಋಣವಿದ್ಯುದಂಶವು ದಟ್ಟವಾಗಿರುವುದರಿಂದ ಇದು ನೀರನ್ನು ಬಲವಾಗಿ ಸೆಳೆದುಕೊಂಡು ಉಬ್ಬುವುದು. ನೂಲುಗಳ ಬಲೆಯು ಆ ಉಬ್ಬನ್ನು ಬಿಗಿದು ಹಿಡಿಯುವುದು. ಹತ್ತಿಯನ್ನು ಒತ್ತಿ ತುಂಬಿ ಹೊಲಿದ ದಿಂಬು ಬಿರುಸಾಗಿರುವಂತೆ, ಈ ಎರಡರ ಸೆಣಸಾಟದಿಂದಲೇ ಮೃದ್ವಸ್ಥಿಗೆ ಬಿರುಸು ಬರುವುದು. ಬಲೆಯ ನೂಲು ಹರಿದರೂ ಕೆಟ್ಟಿತು. ಒಳಗಿನ ತುಂಬು ಕರಗಿದರೂ ಕೆಟ್ಟಿತು.

ಈ ಒಳತುಂಬಿನ ರಹಸ್ಯವನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ಹೆಲೆನ್ ಮ್ಯೂರ್ ಎಂಬ ಮಹಿಳೆ. ಇವರು 1920ರಲ್ಲಿ ಹುಟ್ಟಿದುದು ನಮ್ಮ ದೇಶದ ನೈನಿತಾಲಿನಲ್ಲಿ. ಆಕ್ಸ್‌ಫರ್ಡಿನ ಸಾಮರ್ವಿಲ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಓದಿ, ಲಂಡನ್ನಿನ ಕೆನೆಡಿ ಸಂಧಿವಾತ ಸಂಶೋಧನಾಲಯದಲ್ಲಿ ಬಹುಕಾಲ ದುಡಿದು, ಮುಂದೆ ಅದರ ಅಧ್ಯಕ್ಷತೆಯನ್ನೂ ವಹಿಸಿದರು. ಪ್ರೋಟಿಯೋಗ್ಲೈಕನ್ನಿನ ಕಣಗಳು ಹೈಯಲುರಾನಿಕ್ ಆಮ್ಲದ ಉದ್ದವಾದ ಎಳೆಗೆ ಸಾಲಾಗಿ ಅಂಟಿಕೊಂಡು ದೊಡ್ಡ ಗೊಂಚಲಾಗುವುವು. ಆದುದರಿಂದಲೇ ಅವು ಬಲೆಯಿಂದ ನುಣುಚಿಕೊಂಡು ಹೋಗಲಾರವು. ಈ ಅಂಟಿಕೆಯನ್ನು ಅವರೂ ಹಾರ್ಡಿಂಗ್‌ಹ್ಯಾಮ್ ಎಂಬವರೂ 1972ರಲ್ಲಿ ತೋರಿಸಿಕೊಟ್ಟರು.

ಮೃದ್ವಸ್ಥಿಯ ಇನ್ನೆರಡು ಲಕ್ಷಣಗಳು ನಮ್ಮ ವಿಷಯಕ್ಕೆ ಅತಿ ಮುಖ್ಯ. ಅದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ರಕ್ತವಿಲ್ಲದಿರುವುದರಿಂದ ಗಾಯವಾದರೆ ಅದು ಚರ್ಮದಂತೆ ಮಾಯದು. ನರವಿಲ್ಲದಿರುವುದರಿಂದ ಸವೆಯುವಾಗ ತಾನಾಗಿ ನೋವನ್ನು ಹೇಳದು. ನಾವು ನೋವೆಂದು ಅನ್ನುವುದು ಬಹುಮಟ್ಟಿಗೆ ಅದರ ಅಡಿಯ ಎಲುಬು, ಕೀಲಿನ ಒಳಪೊರೆ ಮೊದಲಾದ ನೆರೆಯವರ ಕೂಗು. ಹಾನಿಗೊಂಡ ಮೃದ್ವಸ್ಥಿಯು ಒಮ್ಮೆ ನಾಶವಾದರೆ ಮರಳಿ ಬಾರದೆಂಬುದನ್ನು ಸ್ಕಾಟ್ಲೆಂಡಿನ ಅಂಗರಚನಾಶಾಸ್ತ್ರಜ್ಞರಾದ ವಿಲಿಯಮ್ ಹಂಟರ್ ಎಂಬವರು 1743ರಲ್ಲಿಯೇ ಬರೆದರು. ಅವರ ಮಾತಿಗೆ ಪುಷ್ಟಿಕೊಡುವ ವಿಚಿತ್ರ ಸಂಗತಿಯೊಂದನ್ನು ಕೋಪನ್‌ಹೇಗನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. 1950ರ ಮತ್ತು 1960ರ ದಶಕಗಳಲ್ಲಿ ನಡೆದ ಅಣುಬಾಂಬಿನ ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ಒಂದು ಬಗೆಯ ಇಂಗಾಲವು ಹೆಚ್ಚಿ, ಆ ಕಾಲದಲ್ಲಿ ಬೆಳೆದವರ ಶರೀರದಲ್ಲಿ ಗುರುತು ಉಳಿಸಿತ್ತು. ಆ ಗುರುತನ್ನು ಅಳೆದು ನೋಡಲಾಗಿ, ಮೊಣಕಾಲಿನ ಮೃದ್ವಸ್ಥಿಯ ಕೊಲ್ಯಾಜೆನ್ ನೂಲುಗಳು ದೇಹ ಬೆಳೆಯುವ ವಯಸ್ಸಿನಲ್ಲಿ ನೇಯಲ್ಪಟ್ಟು, ಆಮೇಲೆ ಬಹುಮಟ್ಟಿಗೆ ಬದಲಾಗದೆ ಇರುವುವೆಂದು ತಿಳಿದುಬಂದಿತು. ಅಂದಮೇಲೆ ಶಾಲೆಯ ಮೆಟ್ಟಲುಗಳನ್ನು ಹಾರಿದ ದಿನಗಳಲ್ಲಿ ನೇಯಲ್ಪಟ್ಟ ನೂಲೇ ಇಂದೂ ನಮ್ಮನ್ನು ಹೊತ್ತು ನಡೆಸುತ್ತಿದೆ!

ಈ ಹೊದಿಕೆಯು ಕೆಡುವ ರೋಗಕ್ಕೆ ಆಸ್ಟಿಯೋ-ಆರ್ಥ್ರೈಟಿಸ್ ಎಂದು ಹೆಸರು. ನಮ್ಮಲ್ಲಿ ಇದನ್ನೂ ಸಂಧಿವಾತವೆಂದೇ ಕರೆಯುವರು. ಚಕ್ರದ ಅಚ್ಚು ಸವೆದಂತೆ ಬರಿಯ ಸವೆತವೆಂದು ಹಿಂದೆ ತಿಳಿದಿದ್ದರು. ಈಗ ಹಾಗೆ ಹೇಳುವುದಿಲ್ಲ. ಮೃದ್ವಸ್ಥಿಯೊಡನೆ ಅಡಿಯ ಎಲುಬು, ಒಳಪೊರೆ, ಸ್ನಾಯುಗಳು ಎಲ್ಲವೂ ಪಾಲುಗೊಳ್ಳುವ, ಇಡೀ ಕೀಲಿನ ರೋಗವಿದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಲೋಕದಲ್ಲಿ ಸುಮಾರು 52 ಕೋಟಿ 80 ಲಕ್ಷ ಜನರಿಗೆ ಈ ರೋಗವಿತ್ತು; ಅವರಲ್ಲಿ ನೂರಕ್ಕೆ 60 ಮಂದಿ ಸ್ತ್ರೀಯರು. ಇದರ ನೋವನ್ನು ತಗ್ಗಿಸುವ ಔಷಧಗಳುಂಟು. ತೀರ ಕೆಟ್ಟ ಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯುಂಟು. ಆದರೆ ಮೃದ್ವಸ್ಥಿಯ ನಾಶವನ್ನು ತಡೆಯುವುದಕ್ಕೆಂದು ಅಂಗೀಕಾರ ಪಡೆದ ಔಷಧವು ಇದುವರೆಗೆ ಒಂದೂ ಇಲ್ಲ.

ಏಕಿಲ್ಲ? ಕಾರಣಗಳು ಹಲವು. ಅವುಗಳಲ್ಲಿ ಒಂದು, ನಾಶವು ಆರಂಭವಾಗುವುದನ್ನು ಕಣ್ಣಿನಿಂದ ಕಾಣುವುದು ಕಷ್ಟವಾಗಿದ್ದುದು. ಬಹುಕಾಲದವರೆಗೆ ಮೃದ್ವಸ್ಥಿಯ ಒಳಗನ್ನು ತಿಳಿಯಬೇಕಾದರೆ ಕತ್ತಿಯೊಂದೇ ಮಾರ್ಗವಾಗಿತ್ತು. ಎಲುಬಿನೊಡನೆ ಮೃದ್ವಸ್ಥಿಯ ತುಣುಕನ್ನು ತೆಗೆದು, ಎಲುಬಿನ ಸುಣ್ಣವನ್ನು ದಿನಗಟ್ಟಲೆ, ವಾರಗಟ್ಟಲೆ ದ್ರಾವಣದಲ್ಲಿ ನೆನೆಯಿಸಿ ಕರಗಿಸಿ, ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು ದಪ್ಪವಿರುವಂತೆ ಬಿಲ್ಲೆಗಳಾಗಿ ಹೆರೆದು, ಸಾಫ್ರನಿನ್ ಎಂಬ ಕೆಂಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ನೋಡುವರು. ಪ್ರೋಟಿಯೋಗ್ಲೈಕನ್ ಇದ್ದಲ್ಲಿ ಕೆಂಪು ಗಾಢವಾಗಿಯೂ, ಕರಗಿಹೋದಲ್ಲಿ ಪೇಲವವಾಗಿಯೂ ತೋರುವುದು. ಅಮೆರಿಕದ ಮ್ಯಾಂಕಿನ್ ಎಂಬ ವೈದ್ಯರೂ ಅವರ ಸಂಗಡಿಗರೂ 1971ರಲ್ಲಿ ಇದಕ್ಕೆ ಅಂಕ ಹಾಕುವ ಕ್ರಮವನ್ನು ಏರ್ಪಡಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಈ ಪರೀಕ್ಷೆಯ ಉಪಕಾರ ಬಹಳ. ಆದರೆ ಅದರ ಕೊರತೆಯೂ ಸ್ಪಷ್ಟ. ಇಂದು ಕತ್ತರಿಸಿದ ತುಣುಕನ್ನು ನಾಳೆ ಮತ್ತೊಮ್ಮೆ ನೋಡಿ ರೋಗ ಹೆಚ್ಚಿತೋ ಕಡಿಮೆಯಾಯಿತೋ ಎಂದು ಹೇಳುವಂತಿಲ್ಲ. ಒಂದು ಬಿಲ್ಲೆಯಲ್ಲಿ ಕಂಡುದು ಪಕ್ಕದ ಜಾಗದಲ್ಲಿಯೂ ಉಂಟೆಂದು ನಂಬುವಂತಿಲ್ಲ. ಮತ್ತು ನಡೆದಾಡುವ ಮನುಷ್ಯನ ಮೊಣಕಾಲಿನಿಂದ, ಮರಳಿ ಬೆಳೆಯದ ವಸ್ತುವನ್ನು, ಬೇಕೆಂದಾಗಲೆಲ್ಲ ಕೊಯ್ದು ತೆಗೆಯುವಂತೆಯೂ ಇಲ್ಲ.

ಚಿಕ್ಕಂದಿನಲ್ಲಿ ನಾವು ಅವರೆಯ ಬೀಜವನ್ನು ಬಿತ್ತಿ, ಮೊಳೆತಿದೆಯೋ ಎಂದು ದಿನವೂ ಮಣ್ಣನ್ನು ಕೆದಕಿ ನೋಡಿದೆವು, ಬೀಜ ಸತ್ತಿತು. ಆಗ ಪ್ರಕೃತಿಪಾಠದ ಉಪಾಧ್ಯಾಯಿನಿಯವರು ಗಾಜಿನ ಲೋಟದ ಒಳಮೈಗೆ ಒದ್ದೆಯ ಒತ್ತುಕಾಗದವನ್ನು ಅಂಟಿಸಿ, ಅದರ ಮತ್ತು ಗಾಜಿನ ನಡುವೆ ಬೀಜವನ್ನಿಟ್ಟರು. ಬೇರು ಇಳಿಯುವುದನ್ನೂ ಮೊಳಕೆ ಏಳುವುದನ್ನೂ, ಬೀಜವನ್ನು ಮುಟ್ಟದೆಯೇ, ದಿನದಿನವೂ ಕಂಡೆವು. ಮೃದ್ವಸ್ಥಿಯ ಸಂಶೋಧಕರು ಇಷ್ಟು ವರ್ಷಗಳಿಂದ ಹುಡುಕುತ್ತಿರುವುದು ಅಂತಹ ಒಂದು ಗಾಜಿನ ಲೋಟವನ್ನೇ.

ಮೊದಲನೆಯ ಆಶೆಯನ್ನು ಹುಟ್ಟಿಸಿದುದು ಕ್ಷ-ಕಿರಣ. ಜರ್ಮನಿಯ ವೂರ್ಟ್ಸ್‌ಬುರ್ಗ್ ಪಟ್ಟಣದಲ್ಲಿ ರಾಂಟ್ಜನ್ ಪಂಡಿತರು 1895ರ ನವೆಂಬರಿನಲ್ಲಿ ಈ ಕಿರಣಗಳನ್ನು ಕಂಡುಹಿಡಿದು, ಡಿಸೆಂಬರಿನಲ್ಲಿ ತಮ್ಮ ಪತ್ನಿಯ ಕೈಯ ಎಲುಬುಗಳ ಚಿತ್ರವನ್ನು ತೆಗೆದರು. ಎಲುಬಿನ ಸುಣ್ಣವು ಕಿರಣವನ್ನು ತಡೆಯುವುದರಿಂದ ಎಲುಬು ನೆರಳಾಗಿ ಬೀಳುವುದು. ಮೃದ್ವಸ್ಥಿಯಾದರೋ ನೀರಿನಿಂದ ತುಂಬಿದ್ದು, ಸುತ್ತಣ ಮಾಂಸದಂತೆಯೇ ಕಿರಣವನ್ನು ದಾಟಿಸಿಬಿಡುವುದು. ಆದಕಾರಣ ಆ ಚಿತ್ರದಲ್ಲಿ ಮೃದ್ವಸ್ಥಿ ಇದ್ದ ಜಾಗವು ಬರಿದಾದ ಸಂದಿನಂತೆ ತೋರುವುದು. ಸಂದು ಕಿರಿದಾಗಿದ್ದರೆ ಮೃದ್ವಸ್ಥಿ ಸವೆದಿದೆಯೆಂದು ಊಹಿಸುವರು. 1957ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬವರು, ಸಂದಿನ ಅಗಲವನ್ನೂ ಅಂಚಿನಲ್ಲಿ ಬೆಳೆಯುವ ಎಲುಬಿನ ಮೊನೆಗಳನ್ನೂ ನೋಡಿ, ರೋಗವನ್ನು ಸೊನ್ನೆಯಿಂದ ನಾಲ್ಕರವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದರು. ಈ ಕ್ರಮವೂ ಇಂದಿಗೂ ನಡೆದುಬಂದಿದೆ. ಆದರೆ ಮೊಣಕಾಲಿನ ಆ ಸಂದಿನಲ್ಲಿ ಮೃದ್ವಸ್ಥಿಯ ಹೊದಿಕೆಯಲ್ಲದೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳೂ ಇರುವುವು. ಅವು ಜರುಗಿದರೂ ಸಂದು ಕಿರಿದಾಗಬಹುದು. ಮೇಲಾಗಿ, ಮನೆಯ ಗೋಡೆ ಬಿದ್ದ ಮೇಲೆ ಬಯಲನ್ನು ನೋಡಿ ಇಲ್ಲಿ ಗೋಡೆಯಿತ್ತೆಂದು ತಿಳಿಯುವಂತೆ, ನಾಶವು ಬಹುದೂರ ಸಾಗಿದ ಬಳಿಕವೇ ಈ ಸುದ್ದಿ ಬರುವುದು. ನಮ್ಮ ತಾಯಿಯವರಿಗೆ ಬಂದುದೂ ಅಂತಹ ತಡವಾದ ಸುದ್ದಿಯೇ.

ಕೀಲಿನೊಳಗೆ ಸಣ್ಣ ನಳಿಗೆಯನ್ನು ಇಳಿಸಿ ನೋಡುವ ಉಪಾಯವೂ ಉಂಟು. ಟೋಕಿಯೋವಿನ ತಕಾಗಿ ಎಂಬ ವೈದ್ಯರು 1918ರಲ್ಲಿ, ಮೂತ್ರಕೋಶವನ್ನು ನೋಡುವ ನಳಿಗೆಯಿಂದ ಮೃತದೇಹವೊಂದರ ಮೊಣಕಾಲಿನ ಒಳಗನ್ನು ಕಂಡರು. ಇದರಿಂದ ಮೇಲ್ಮೈಯ ಬಿರುಕುಗಳು ಚೆನ್ನಾಗಿ ಕಾಣುವುವು. ಆದರೆ ಒಳಗಣ ಸ್ಥಿತಿ ಕಾಣದು, ಮತ್ತು ಕೀಲನ್ನು ತೂತುಮಾಡದೆ ನಡೆಯದು.

ನಿಜವಾದ ತಿರುವು ಬಂದುದು ಅಯಸ್ಕಾಂತದಿಂದ. ನೀರಿನಲ್ಲಿ ಜಲಜನಕವಿರುವುದನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಜಲಜನಕದ ಪರಮಾಣುವಿನ ಬೀಜವು ಒಂದು ಅತ್ಯಲ್ಪವಾದ ಅಯಸ್ಕಾಂತದಂತೆ ವರ್ತಿಸುವುದು. ಬಲವಾದ ದೊಡ್ಡ ಅಯಸ್ಕಾಂತದೊಳಗೆ ಶರೀರವನ್ನಿಟ್ಟರೆ ಈ ಬೀಜಗಳಲ್ಲಿ ಕೆಲವು ಹೆಚ್ಚಾಗಿ ಒಂದೇ ದಿಕ್ಕಿಗೆ ವಾಲುವುವು. ತಕ್ಕ ರೇಡಿಯೋ ತರಂಗದಿಂದ ಅವನ್ನು ಕದಲಿಸಿ ಬಿಟ್ಟರೆ, ಮೊದಲಿನ ಸ್ಥಿತಿಗೆ ಮರಳುವಾಗ ಒಂದು ಕ್ಷೀಣವಾದ ಸಂಕೇತವನ್ನು ಹೊರಡಿಸುವುವು. ಆ ಸಂಕೇತಗಳಿಂದ ಚಿತ್ರವನ್ನು ರಚಿಸಬಹುದೆಂದು ಅಮೆರಿಕದ ಲಾಟರ್ಬರ್ ಎಂಬವರು 1973ರಲ್ಲಿ ತೋರಿಸಿದರು. ಅವರಿಗೂ ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್ ಎಂಬವರಿಗೂ 2003ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇಂದು ಎಮ್. ಆರ್. ಐ. ಎಂದು ಎಲ್ಲರ ಬಾಯಲ್ಲಿಯೂ ಇರುವುದು ಇದೇ. ಕ್ಷ-ಕಿರಣಕ್ಕೆ ಅಡ್ಡಿಯಾಗಿದ್ದ ನೀರೇ ಇಲ್ಲಿ ಸಹಾಯಕವಾಯಿತು. ಮೃದ್ವಸ್ಥಿಯು ತಾನೇ ಚಿತ್ರದಲ್ಲಿ ಮೂಡಿತು; ಅದರ ದಪ್ಪವನ್ನೂ ಘನ ಅಳತೆಯನ್ನೂ, ಕೊಯ್ಯದೆ, ಚುಚ್ಚದೆ, ಕ್ಷ-ಕಿರಣದ ಸೋಂಕಿಲ್ಲದೆ, ಬೇಕಾದಷ್ಟು ಸಲ ಅಳೆಯುವಂತಾಯಿತು.

ದಪ್ಪವನ್ನು ಅಳೆಯುವುದಷ್ಟೇ ಸಾಲದು. ದಿಂಬಿನ ದಪ್ಪ ಇಳಿಯುವುದಕ್ಕಿಂತ ಮೊದಲೇ ಒಳಗಿನ ಹತ್ತಿ ಕೆಡಬಹುದಷ್ಟೆ. ಒಳಗನ್ನು ತಿಳಿಯುವ ಮಾರ್ಗಗಳಲ್ಲಿ ಎರಡನ್ನು ಇಲ್ಲಿ ಹೇಳುವೆವು. ಸಂಕೇತವು ಎಷ್ಟು ಬೇಗ ಅಡಗುವುದೆಂಬುದನ್ನು ಅಳೆಯುವುದು ಮೊದಲನೆಯದು. ಬಿಗಿಯಾದ ಕೊಲ್ಯಾಜೆನ್ ಬಲೆಯಲ್ಲಿ ಸಿಕ್ಕಿದ ನೀರಿನ ಸಂಕೇತ ಬೇಗನೆ ಅಡಗುವುದು. ಬಲೆ ಸಡಿಲವಾಗಿ ನೀರು ಹೆಚ್ಚಿದಲ್ಲಿ ತಡವಾಗಿ ಅಡಗುವುದು. ಎರಡನೆಯ ಮಾರ್ಗವನ್ನು 1990ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ರೂಪಿಸಿದವರಲ್ಲಿ ಪ್ರಮುಖರು ಮಾರ್ತಾ ಗ್ರೇ ಮತ್ತು ಡೆಬೊರಾ ಬರ್ಸ್ಟೀನ್ ಎಂಬ ಇಬ್ಬರು ವಿದುಷಿಯರು. ಗ್ಯಾಡೋಲಿನಿಯಮ್ ಲೋಹದ ಒಂದು ಸಂಯುಕ್ತಕ್ಕೆ ಋಣವಿದ್ಯುದಂಶವುಂಟು. ಅದನ್ನು ತೋಳಿನ ರಕ್ತನಾಳಕ್ಕೆ ಸೇರಿಸಿ, ಸ್ವಲ್ಪ ನಡೆದಾಡಿಸಿ, ಒಂದೂವರೆ ಎರಡು ಗಂಟೆ ಕಾದರೆ, ಅದು ಮೆಲ್ಲನೆ ಮೃದ್ವಸ್ಥಿಗೆ ಇಳಿಯುವುದು. ಸಜಾತಿಯ ವಿದ್ಯುದಂಶಗಳು ಒಂದನ್ನೊಂದು ದೂಡುವುವಷ್ಟೆ. ಮನೆಮಂದಿ ತುಂಬಿದ ಮನೆಗೆ ಕಳ್ಳನು ನುಗ್ಗಲಾರನು, ಬರಿದಾದ ಮನೆಗೆ ನುಗ್ಗುವನು; ಹಾಗೆಯೇ ಪ್ರೋಟಿಯೋಗ್ಲೈಕನ್ ತುಂಬಿದಲ್ಲಿ ಗ್ಯಾಡೋಲಿನಿಯಮ್ ಕಡಿಮೆ ಸೇರಿ, ಅದು ಕರಗಿಹೋದಲ್ಲಿ ಹೆಚ್ಚು ಸೇರುವುದು. ಹೀಗೆ ಕೆಂಬಣ್ಣದ ಬಿಲ್ಲೆಯು ಹೇಳುತ್ತಿದ್ದ ಸಂಗತಿಯನ್ನೇ ಜೀವಂತ ಮೊಣಕಾಲಿನಲ್ಲಿ ಕಾಣುವಂತಾಯಿತು. ಆದರೆ ಈ ಲೋಹವು ಅಲ್ಪ ಪ್ರಮಾಣದಲ್ಲಿ ಶರೀರದಲ್ಲಿ ಉಳಿಯುವುದೆಂದು ಆಮೇಲೆ ತಿಳಿದುಬಂದು, 2017ರಲ್ಲಿ ಯೂರೋಪಿನ ಔಷಧ ಮಂಡಲಿಯು ಈ ಜಾತಿಯ ಹಲವು ಸಂಯುಕ್ತಗಳನ್ನು ರಕ್ತನಾಳಕ್ಕೆ ಕೊಡುವುದನ್ನು ತಡೆಯಿತು. ಕೆಡಿಸದೆ ನೋಡಬೇಕೆಂಬ ನಿಯಮವು ಮೃದ್ವಸ್ಥಿಗೆ ಮಾತ್ರವಲ್ಲ, ಅದನ್ನು ಹೊತ್ತ ಮನುಷ್ಯನಿಗೂ ಅನ್ವಯಿಸಬೇಕಷ್ಟೆ. ಆದುದರಿಂದ ಹೊರಗಿನ ಯಾವ ವಸ್ತುವನ್ನೂ ಸೇರಿಸದೆ, ಮೃದ್ವಸ್ಥಿಯಲ್ಲಿ ಸಹಜವಾಗಿಯೇ ಇರುವ ಸೋಡಿಯಮ್ಮಿನಿಂದ ಚಿತ್ರ ತೆಗೆಯುವ ಮಾರ್ಗವನ್ನೂ ಸಂಶೋಧಕರು ಬೆಳೆಸುತ್ತಿದ್ದಾರೆ.

ಈ ಉಪಕರಣಗಳಿಂದ ನಡೆದ ಒಂದು ಮಹತ್ಕಾರ್ಯವನ್ನು ಹೇಳದೆ ಇರಲಾಗದು. ಅಮೆರಿಕದ ನಾಲ್ಕು ಕೇಂದ್ರಗಳಲ್ಲಿ 2004ರಿಂದ 2006ರವರೆಗೆ 45ರಿಂದ 79 ವರ್ಷ ವಯಸ್ಸಿನ 4,796 ಮಂದಿ ಸ್ತ್ರೀಪುರುಷರು ತಮ್ಮ ಮೊಣಕಾಲುಗಳನ್ನು ಪರೀಕ್ಷೆಗೆ ಒಪ್ಪಿಸಿದರು. ಅವರಲ್ಲಿ ರೋಗವಿದ್ದವರೂ, ಇನ್ನೂ ಇಲ್ಲದವರೂ ಇದ್ದರು. ಭೂಮಿಯ ಅಯಸ್ಕಾಂತಶಕ್ತಿಗಿಂತ ಹತ್ತಾರು ಸಾವಿರ ಮಡಿ ಬಲವುಳ್ಳ ಯಂತ್ರದಲ್ಲಿ ಮೊದಲ ನಾಲ್ಕು ವರ್ಷ ವರ್ಷಕ್ಕೊಮ್ಮೆಯೂ, ಆಮೇಲೆ ಆರನೆಯ ಮತ್ತು ಎಂಟನೆಯ ವರ್ಷಗಳಲ್ಲಿಯೂ ಚಿತ್ರ ತೆಗೆಯುವ ಏರ್ಪಾಡಾಯಿತು. ಆಸ್ಟಿಯೋ-ಆರ್ಥ್ರೈಟಿಸ್ ಇನಿಷಿಯೇಟಿವ್ ಎಂಬ ಈ ಕಾರ್ಯದ ಚಿತ್ರಗಳು ಎಲ್ಲ ದೇಶಗಳ ಸಂಶೋಧಕರಿಗೂ ತೆರೆದಿಡಲ್ಪಟ್ಟಿವೆ. ಅದೇ ಮನುಷ್ಯನ ಅದೇ ಮೊಣಕಾಲು ಎಂಟು ವರ್ಷಗಳಲ್ಲಿ ಹೇಗೆ ಬದಲಾಯಿತೆಂದು ಕಾಣುವುದು ಕತ್ತಿಯ ಕಾಲದಲ್ಲಿ ಕನಸಾಗಿತ್ತು.

ಪ್ರಯೋಗಶಾಲೆಯಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬೇಕಾಗುವುದು. ಔಷಧಗಳನ್ನು ಮೊದಲು ಪರೀಕ್ಷಿಸುವುದು ಇಲಿಗಳಲ್ಲಿ. ಸಣ್ಣ ಇಲಿಯ ಮೊಣಕಾಲಿನ ಮೃದ್ವಸ್ಥಿಯು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ತೆಳು, ಆಸ್ಪತ್ರೆಯ ಎಮ್. ಆರ್. ಐ. ಯಂತ್ರಕ್ಕೆ ಅದು ನಿಲುಕದು. ಆದುದರಿಂದ ಮತ್ತೆ ಕ್ಷ-ಕಿರಣದ ಮೊರೆ ಹೋದರು. ವಸ್ತುವನ್ನು ತಿರುಗಿಸುತ್ತ ಎಲ್ಲ ಕಡೆಗಳಿಂದಲೂ ಚಿತ್ರ ತೆಗೆದು, ಗಣಿತದಿಂದ ಅದರ ಪೂರ್ಣಾಕೃತಿಯನ್ನು ಕಟ್ಟುವ ಸೂಕ್ಷ್ಮ ಸಿ. ಟಿ. ಎಂಬ ಯಂತ್ರವುಂಟು. ಅದರಲ್ಲಿಯೂ ಮೃದ್ವಸ್ಥಿ ಕಾಣದಿರುವ ಹಳೆಯ ಕೊರತೆಯನ್ನು ನೀಗಿಸಿದವರು ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಶಿಲ್ಪಶಾಸ್ತ್ರ ವಿದ್ಯಾಲಯದವರು. ಋಣವಿದ್ಯುದಂಶವುಳ್ಳ ಅಯೋಡಿನ್ ದ್ರಾವಣದಲ್ಲಿ ದನದ ಮೃದ್ವಸ್ಥಿಯ ತುಣುಕುಗಳನ್ನು ನೆನೆಯಿಸಿ, ಅವು ದಿನದಿನಕ್ಕೂ ಕೆಡುವುದನ್ನು ಕಂಡು, 2006ರಲ್ಲಿ ಪ್ರಕಟಿಸಿದರು. ತತ್ತ್ವವು ಹಿಂದೆ ಹೇಳಿದ ಕಳ್ಳನ ತತ್ತ್ವವೇ. ಫಿನ್‌ಲೆಂಡಿನ ಔಲು ವಿಶ್ವವಿದ್ಯಾನಿಲಯದವರು 2015ರಲ್ಲಿ, ಕೊಲ್ಯಾಜೆನ್ನಿಗೆ ಅಂಟುವ ಟಂಗ್‌ಸ್ಟನ್ ಸಂಯುಕ್ತವೊಂದನ್ನು ಬಳಸಿ, ಬಿಲ್ಲೆಗಳಾಗಿ ಹೆರೆಯದೆಯೇ ಮೃದ್ವಸ್ಥಿಯ ಒಳರಚನೆಯನ್ನು ಮೂರು ಆಯಾಮಗಳಲ್ಲಿ ತೋರಿಸಿದರು. ಇಂತಹ ತುಣುಕುಗಳು ಸಾಮಾನ್ಯವಾಗಿ ದೊರೆಯುವುದು ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಭಾಗಗಳಿಂದ; ಯಾವಳೋ ತಾಯಿಯೊಬ್ಬಳ ಸವೆದ ಕೀಲು ಹೀಗೆ ಇನ್ನೊಬ್ಬಳಿಗೆ ಉಪಕಾರವಾಗುವುದು.

ಬಣ್ಣವನ್ನೇ ಹಾಕದೆ ನೋಡುವ ಬಗೆಯೂ ಉಂಟು. ನೀರಿನಲ್ಲಿ ಮುಳುಗಿದ ಗಾಜಿನ ಲೋಟವು ಬೆಳಕನ್ನು ತಡೆಯದಿದ್ದರೂ, ಬೆಳಕನ್ನು ಬಾಗಿಸುವುದರಿಂದ ಅದರ ಅಂಚು ನಮಗೆ ತೋರುವುದು. ಹಾಗೆಯೇ ಮೃದ್ವಸ್ಥಿಯು ಕ್ಷ-ಕಿರಣವನ್ನು ತಡೆಯದಿದ್ದರೂ ಅತ್ಯಲ್ಪವಾಗಿ ಬಾಗಿಸುವುದು. ಆ ಬಾಗನ್ನು ಹಿಡಿಯಬಲ್ಲ ಕಿರಣಗಳನ್ನು ಫ್ರಾನ್ಸಿನ ಗ್ರೆನೋಬಲ್ ಮೊದಲಾದ ಕಡೆಗಳಲ್ಲಿ, ವಿದ್ಯುತ್ಕಣಗಳನ್ನು ವರ್ತುಲದಲ್ಲಿ ಓಡಿಸುವ ಬೃಹದ್ಯಂತ್ರಗಳಿಂದ ಪಡೆಯುವರು. ಇದು ಸದ್ಯಕ್ಕೆ ಸಂಶೋಧಕರ ಸಾಧನವೇ ಹೊರತು ಆಸ್ಪತ್ರೆಯದಲ್ಲ.

ಇಷ್ಟೆಲ್ಲ ನೋಡಿದುದರಿಂದ ಫಲವೇನು ಎಂದು ಕೇಳುವುದು ನ್ಯಾಯವೇ. ಒಂದು ಉದಾಹರಣೆಯಿಂದ ಉತ್ತರ ಹೇಳುವೆವು. ಸ್ಪ್ರೈಫರ್ಮಿನ್ ಎಂಬ ಔಷಧವನ್ನು 549 ಮಂದಿ ರೋಗಿಗಳ ಮೇಲೆ ಪರೀಕ್ಷಿಸಿದ ವರದಿಯು 2019ರಲ್ಲಿ ಹೊರಬಂದಿತು. ಅವರಲ್ಲಿ ಕೆಲವರ ಮೊಣಕಾಲಿಗೆ ಔಷಧವನ್ನೂ, ಕೆಲವರದಕ್ಕೆ ಔಷಧವಿಲ್ಲದ ದ್ರವವನ್ನೂ ಚುಚ್ಚಿದರು. ಎರಡು ವರ್ಷಗಳ ತರುವಾಯ ಎಮ್. ಆರ್. ಐ. ಯಿಂದ ಅಳೆಯಲಾಗಿ, ಹೆಚ್ಚಿನ ಪ್ರಮಾಣದ ಔಷಧವನ್ನು ಆರು ತಿಂಗಳಿಗೊಮ್ಮೆ ಪಡೆದವರ ಮೃದ್ವಸ್ಥಿಯು ಉಳಿದವರದಕ್ಕಿಂತ 0.05 ಮಿಲಿಮೀಟರು ದಪ್ಪವಾಗಿತ್ತು. ಅದು ಒಂದು ತಲೆಗೂದಲಿನಷ್ಟೂ ಇಲ್ಲ! ಆದರೂ ಹಂಟರರ ಕಾಲದಿಂದ ಮರಳಿ ಬಾರದೆಂದು ನಂಬಿದ್ದ ವಸ್ತುವು ಇಷ್ಟಾದರೂ ಹೆಚ್ಚಿತೆಂದು ತಿಳಿದುದು ಈ ಚಿತ್ರಗಳಿಂದಲೇ. ಅದರೊಡನೆಯೇ ಹೇಳಬೇಕಾದ ಇನ್ನೊಂದು ಮಾತುಂಟು: ಔಷಧ ಪಡೆದವರ ನೋವು ಉಳಿದವರದಕ್ಕಿಂತ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಕಾಣುವುದು ಒಂದು, ಗುಣಪಡಿಸುವುದು ಮತ್ತೊಂದು.

ಇದರಿಂದ ನಾವು ಕಲಿಯತಕ್ಕ ಎಚ್ಚರಿಕೆಯೂ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ, 50 ವರ್ಷ ದಾಟಿದ, ಕ್ಷ-ಕಿರಣದಲ್ಲಿ ಯಾವ ರೋಗಲಕ್ಷಣವೂ ಕಾಣದ 710 ಮಂದಿಯ ಮೊಣಕಾಲುಗಳನ್ನು ಎಮ್. ಆರ್. ಐ. ಯಿಂದ ನೋಡಿದರು. ನೂರಕ್ಕೆ 89 ಮಂದಿಯಲ್ಲಿ ಏನಾದರೂ ಒಂದು ವ್ಯತ್ಯಾಸ ಕಂಡುಬಂದಿತೆಂದು 2012ರಲ್ಲಿ ವರದಿಯಾಯಿತು. ನೋವೇ ಇಲ್ಲದವರಲ್ಲಿಯೂ ಹೆಚ್ಚು ಕಡಮೆ ಅಷ್ಟೇ. ಆದಕಾರಣ ಮೊಣಕಾಲು ನೊಂದ ಮಾತ್ರಕ್ಕೆ ಹಣ ವೆಚ್ಚಮಾಡಿ ಚಿತ್ರ ತೆಗೆಸಿಕೊಳ್ಳಬೇಕಾಗಿಲ್ಲ. ತೆಗೆಸಿದ ಚಿತ್ರದ ಒಂದೊಂದು ಸಾಲನ್ನೂ ಓದಿ ಭಯಪಡಬೇಕಾಗಿಯೂ ಇಲ್ಲ. ಚಿತ್ರ ಬೇಕೋ ಬೇಡವೋ ಎಂಬುದನ್ನು ಬಲ್ಲ ವೈದ್ಯರು, ರೋಗಿಯನ್ನು ನಡೆಯಿಸಿ, ಮುಟ್ಟಿ, ಕೇಳಿ ನಿಶ್ಚಯಿಸಲಿ. ಇಂದು ನಮ್ಮ ಕೈಯಲ್ಲಿರುವ ಚಿಕಿತ್ಸೆಗೆ ಯಾವ ದೊಡ್ಡ ಯಂತ್ರವೂ ಬೇಡ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಶಕ್ತಿಗೆ ತಕ್ಕ ನಡಿಗೆ, ತೂಕ ಹೆಚ್ಚಿದವರಿಗೆ ಮಿತಾಹಾರ, ಇವೇ ಮೊದಲನೆಯ ಮದ್ದು. ಸ್ಥೂಲಕಾಯರಾದ ರೋಗಿಗಳಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲಣ ಭಾರವು ಸುಮಾರು ನಾಲ್ಕು ಕಿಲೋ ಇಳಿಯುವುದೆಂದು 2005ರಲ್ಲಿ ಅಮೆರಿಕದ ಸಂಶೋಧಕರು ಅಳೆದು ಹೇಳಿದ್ದಾರೆ.

ನಮ್ಮ ತಾಯಿಯವರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೊದಲೇ ಕಾಣಬಹುದಿತ್ತು, ಆದರೆ ಕಂಡಿದ್ದರೂ ತಡೆಯುವ ಔಷಧ ಇರಲಿಲ್ಲ. ಆ ಔಷಧವು ಎಂದಾದರೂ ದೊರೆಯಬೇಕಾದರೆ, ಈ ಮೌನಿಯಾದ ಪದರವನ್ನು ಕೆಡಿಸದೆ ಮತ್ತೆ ಮತ್ತೆ ನೋಡುವ ಕಣ್ಣು ಮೊದಲು ಬೇಕು. ಆ ಕಣ್ಣು ಈಗ ತೆರೆಯುತ್ತಿದೆ. ಮನೆಯಲ್ಲಿ ನಾವು ಮಾಡಬಹುದಾದ ಒಂದು ಕೆಲಸವೂ ಉಂಟು. ಮೃದ್ವಸ್ಥಿಗೆ ನರವಿಲ್ಲದುದರಿಂದ ಅದು ಮಾತನಾಡದು; ನಮ್ಮ ತಾಯಂದಿರಿಗೆ ನರವಿದ್ದೂ ಅನೇಕರು ಮಾತನಾಡರು. ಅವರು ಮೆಟ್ಟಲನ್ನು ಬಿಟ್ಟುದನ್ನೂ, ನೆಲದಿಂದ ಏಳುವಾಗ ಕೈಯೂರಿದುದನ್ನೂ ಮಕ್ಕಳಾದ ನಾವು ಗಮನಿಸಿ, "ವಯಸ್ಸಾಯಿತು" ಎಂಬ ಒಂದೇ ಮಾತಿಗೆ ಒಪ್ಪಿಬಿಡದೆ, ವೈದ್ಯರ ಬಳಿಗೆ ಕರೆದೊಯ್ಯೋಣ. ಇಂದು ಶಾಲೆಯ ಮೆಟ್ಟಲುಗಳನ್ನು ಹಾರುತ್ತಿರುವ ಹುಡುಗಿಯರ ಮೊಣಕಾಲುಗಳಲ್ಲಿ, ಅವರು ಬಾಳಿನ ಕೊನೆಯವರೆಗೆ ಬಳಸಬೇಕಾದ ನೂಲು ಈಗಲೇ ನೇಯಲ್ಪಡುತ್ತಿದೆ. ಅವರನ್ನು ಹಾರಬೇಡವೆಂದು ಗದರಿಸುವುದು ಬೇಡ. ಅವರಲ್ಲಿ ಯಾರಾದರೂ ಒಬ್ಬಳು ಹೆಲೆನ್ ಮ್ಯೂರರಂತೆ ಈ ವಿದ್ಯೆಯನ್ನು ಕೈಕೊಂಡು, ನಮ್ಮ ಕಾಲಕ್ಕೆ ದೊರೆಯದ ಔಷಧವನ್ನು ಮುಂದಿನ ತಾಯಂದಿರಿಗೆ ದೊರಕಿಸಿಕೊಡಲಿ.